ಅಪ್ಪನಿಗೆ ವೆಕ್ಸಾಸ್ ಇರಬಹುದು ಅಂದಿದ್ದಾರೆ, ಜೀನ್ ಟೆಸ್ಟ್ ಮಾಡಿಸಲೇಬೇಕಾ? ಮಕ್ಕಳಾದ ನಮಗೂ ಬರುತ್ತದಾ?

ನೀವು ಕೊನೆಯಲ್ಲಿ ಹೆದರಿಕೊಂಡೇ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಮಕ್ಕಳಿಗೆ ಬರುವುದಿಲ್ಲ. ನೀವಾಗಲಿ ನಿಮ್ಮ ತಂಗಿಯಾಗಲಿ ಯಾವ ಟೆಸ್ಟೂ ಮಾಡಿಸಬೇಕಿಲ್ಲ.

ಉಳಿದವರಿಗಾಗಿ ಪ್ರಶ್ನೆಯ ಸಾರ ಇಷ್ಟು: ತಂದೆಯವರಿಗೆ 66 ವರ್ಷ. ಎರಡು ವರ್ಷದಿಂದ ಬಂದು ಹೋಗುವ ಜ್ವರ, ಆಗಾಗ ಕಿವಿ ಕೆಂಪಗೆ ಊದಿಕೊಳ್ಳುವುದು, ತೋಳು ಬೆನ್ನಿನ ಮೇಲೆ ನೋಯುವ ದಪ್ಪ ದದ್ದು. ಹಿಮೋಗ್ಲೋಬಿನ್ 8ರ ಆಸುಪಾಸು. ಮೊದಲು ಟಿಬಿ ಮಾತ್ರೆ ನುಂಗಿಸಿದರು, ಆಮೇಲೆ ವಾತ ಅಂದರು, ಮೆಥೊಟ್ರೆಕ್ಸೇಟ್ ಕೊಟ್ಟರು. ಸ್ಟೆರಾಯ್ಡ್ ಕೊಟ್ಟರೆ ಎದ್ದು ಓಡಾಡುತ್ತಾರೆ, ಡೋಸ್ ಇಳಿಸಿದರೆ ಮತ್ತೆ ಮಲಗುತ್ತಾರೆ. ಈಗ ಹೊಸ ರುಮಟಾಲಜಿಸ್ಟ್ (ವಾತರೋಗ ತಜ್ಞರು) ವೆಕ್ಸಾಸ್ ಎಂಬ, ಮೈಯೆಲ್ಲ ಉರಿಯೂತ ತರುವ ಅಪರೂಪದ ಕಾಯಿಲೆಯ ಹೆಸರು ಹೇಳಿದ್ದಾರೆ. ಜೀನ್ ಟೆಸ್ಟ್ ಇಲ್ಲದೆ ಅಂದಾಜು ಮಾಡಬಹುದೇ ಎಂಬುದು ಇವರ ಇನ್ನೊಂದು ಪ್ರಶ್ನೆ.

ನಾನು ಪೆಥಾಲಜಿಸ್ಟ್. ರೋಗಿಗಳ ಮುಖಕ್ಕಿಂತ ಅವರ ಮೂಳೆಮಜ್ಜೆಯ ಸ್ಲೈಡನ್ನೇ ಹೆಚ್ಚು ನೋಡಿದವನು. ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಟೆಸ್ಟಿನ ವಿಷಯದಲ್ಲಿ ಮಾತ್ರ ನನಗೆ ಹೇಳುವುದಿದೆ, ಒಂದು ಹಳೇ ಋಣವೂ ಇದೆ.

ಈ ಕಾಯಿಲೆಗೆ ಹೆಸರೇ ಇಲ್ಲದ ಕಾಲ. ನಿಮ್ಮ ತಂದೆಯ ವಯಸ್ಸಿನವರೊಬ್ಬರ ಮಜ್ಜೆಯ ಸ್ಲೈಡ್ ನನ್ನ ಮೈಕ್ರೋಸ್ಕೋಪ್ ಕೆಳಗೆ ಬಂತು. ರಕ್ತಕಣ ಹುಟ್ಟುವ ಎಳೆಯ ಕೋಶಗಳ ಒಳಗೆಲ್ಲ ಗುಂಡಗಿನ ಖಾಲಿ ತೂತುಗಳು, ನೀರುದೋಸೆಯ ಕಣ್ಣುಗಳ ಹಾಗೆ. ನಮ್ಮ ಭಾಷೆಯಲ್ಲಿ ಅವು ವ್ಯಾಕ್ಯುಯೋಲ್. ನಾವು ಓದಿದ್ದ ಪ್ರಕಾರ ಅದಕ್ಕೆ ಹೆಚ್ಚಾಗಿ ಎರಡು ಕಾರಣ, ಒಂದು ಕುಡಿತ, ಇನ್ನೊಂದು ತಾಮ್ರದ ಕೊರತೆ. ನಾನು ರಿಪೋರ್ಟಿನ ಕೆಳಗೆ ‘ಮದ್ಯಪಾನದ ಅಭ್ಯಾಸವಿದೆಯೇ ವಿಚಾರಿಸಿ’ ಎಂದು ಬರೆದು ಸಹಿ ಹಾಕಿದೆ. ಮೂರನೇ ದಿನ ಮಗ ರಿಪೋರ್ಟ್ ಹಿಡಿದು ಲ್ಯಾಬಿಗೇ ಬಂದ. ‘ಸಾರ್, ನಮ್ಮಪ್ಪ ಇಪ್ಪತ್ತು ವರ್ಷದಿಂದ ಮಾಲೆ ಹಾಕೋರು. ನೀವು ಬರೆದಿದ್ದು ಓದಿ ಅಮ್ಮ ಅವರ ಹತ್ರ ಮಾತು ಬಿಟ್ಟಿದ್ದಾಳೆ.’ ತಾಮ್ರದ ಮಟ್ಟ ನೋಡಿಸಿದೆವು, ಸರಿಯಾಗೇ ಇತ್ತು. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು.

2020ರ ಕೊನೆಗೆ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಈ ಕಾಯಿಲೆಯ ಮೊದಲ ವರದಿ ಬಂತು. ಅದರಲ್ಲಿದ್ದ ಮಜ್ಜೆಯ ಚಿತ್ರ ನೋಡಿ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಅದೇ ತೂತುಗಳು. ಆ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಿಗೆ ಇದೇ ಇತ್ತು ಎಂದು ಟೆಸ್ಟ್ ಇಲ್ಲದೆ ನಾನು ಹೇಳಲಾರೆ. ಆ ಮನೆಯವರಿಗೆ ಕುಡಿತದ ಮಾತು ತಪ್ಪಾಗಿತ್ತು ಎಂದು ಫೋನ್ ಮಾಡಿ ಹೇಳಿದೆ, ಅಷ್ಟೇ.

ಇನ್ನು ಕಾಯಿಲೆ ಏನು ಎಂಬುದಕ್ಕೆ ಬರೋಣ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ತಂಡ ರೋಗಲಕ್ಷಣದಿಂದ ಶುರು ಮಾಡಲಿಲ್ಲ, ಜೀನ್ ಕಡೆಯಿಂದ ಬಂತು. ಕಾರಣ ತಿಳಿಯದ ಜ್ವರ, ಉರಿಯೂತ ಅಥವಾ ಹೆಸರು ಸಿಗದ ಬೇರೆ ಕಾಯಿಲೆ ಇದ್ದ 2,560 ಜನರ ಜೀನ್ ಮಾಹಿತಿಯನ್ನು ಜಾಲಾಡಿ, ಯುಬಿಎ1 ಎಂಬ ಒಂದೇ ಜೀನಿನ ಒಂದೇ ಜಾಗದಲ್ಲಿ ತಪ್ಪಿದ್ದ ಮೂವರು ಗಂಡಸರನ್ನು ಹಿಡಿದರು. ಆಮೇಲೆ ಹುಡುಕುತ್ತಾ ಹೋದಂತೆ ಒಟ್ಟು 25 ಮಂದಿ ಸಿಕ್ಕರು, ಎಲ್ಲರೂ ಗಂಡಸರು, ಎಲ್ಲರಿಗೂ ಕಾಯಿಲೆ ಶುರುವಾಗಿದ್ದು ದೊಡ್ಡವರಾದ ಮೇಲೆ. ಅಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರಿನ ಕಾಯಿಲೆ ಎಂದು ಚೀಟಿ ಅಂಟಿಸಿದ್ದರು. ಒಬ್ಬರಿಗೆ ಕಿವಿ ಮೂಗಿನ ಮೃದ್ವಸ್ಥಿಯ (ಬಾಗುವ ಎಲುಬು, ಕಾರ್ಟಿಲೇಜ್) ಊತ, ಇನ್ನೊಬ್ಬರಿಗೆ ಚರ್ಮದ ಕಾಯಿಲೆ, ಮತ್ತೊಬ್ಬರಿಗೆ ಮಜ್ಜೆ ಸರಿಯಾಗಿ ರಕ್ತಕಣ ತಯಾರಿಸದ ಎಂಡಿಎಸ್ ಎಂಬ ಕಾಯಿಲೆ.

ಯುಬಿಎ1 ಜೀನ್ ತಯಾರಿಸುವ ಕಿಣ್ವದ ಕೆಲಸ, ಕೋಶದೊಳಗೆ ಬಳಸಿ ಬಿಟ್ಟ ಪ್ರೋಟೀನುಗಳಿಗೆ ‘ಇದು ಕಸ’ ಎಂದು ಗುರುತು ಹಚ್ಚುವ ಕೆಲಸಕ್ಕೆ ಚಾಲನೆ ಕೊಡುವುದು. ಈ ಗುರುತಿನ ವ್ಯವಸ್ಥೆ ಕಂಡುಹಿಡಿದವರಿಗೆ 2004ರಲ್ಲಿ ನೊಬೆಲ್ ಬಂದಿತ್ತು. ಕಿಣ್ವದ ಪಾಕವಿಧಾನದಲ್ಲಿ ‘ಇಲ್ಲಿಂದ ಶುರು ಮಾಡು’ ಎಂಬ ಮಾತು 41ನೇ ಜಾಗದಲ್ಲಿ ಇನ್ನೊಮ್ಮೆ ಬರುತ್ತದೆ. ಅಲ್ಲಿ ಅಕ್ಷರ ತಪ್ಪಿದರೆ ಕೋಶ ಇನ್ನೂ ಮುಂದೆ ಹೋಗಿ ಶುರು ಮಾಡಿ, ಕೆಲಸಕ್ಕೆ ಬಾರದ ಮೊಂಡು ಕಿಣ್ವ ತಯಾರಿಸುತ್ತದೆ. ಕಸ ಉಳಿಯುತ್ತದೆ, ಕೋಶ ಸಿಟ್ಟಾಗುತ್ತದೆ, ಮೈಯೆಲ್ಲ ಉರಿಯೂತ.

ಈ ತಪ್ಪು ಹುಟ್ಟಿನಿಂದ ಬಂದದ್ದಲ್ಲ. ವಯಸ್ಸಾದ ಮೇಲೆ ಮಜ್ಜೆಯಲ್ಲಿನ ಒಂದು ತಾಯಿಕೋಶದಲ್ಲಿ ಆಗಿ, ಅದರ ಸಂತತಿಯೇ ಮಜ್ಜೆಯನ್ನು ಆವರಿಸುತ್ತದೆ. ಆ ತಪ್ಪು ವೀರ್ಯಕ್ಕೆ ಹೋಗುವುದಿಲ್ಲ, ಹಾಗಾಗಿ ಮಕ್ಕಳಿಗೂ ಇಲ್ಲ. ವೆಕ್ಸಾಸ್ ಎಂಬ ಹೆಸರಿನ ನಡುವಿನ ಎಕ್ಸ್ ಅಕ್ಷರ ಎಕ್ಸ್ ಕ್ರೋಮೋಸೋಮಿನದು. ಗೂಗಲ್ ಮಾಡಿದವರು ಅದನ್ನು ನೋಡಿ ಹಿಮೋಫಿಲಿಯಾ ಥರ ವಂಶದ ಕಾಯಿಲೆ ಅಂದುಕೊಂಡು ಕಂಗಾಲಾಗುತ್ತಾರೆ. ಕೊನೆಯ ಎಸ್ ಅಕ್ಷರ ‘ಸೊಮ್ಯಾಟಿಕ್’, ಅಂದರೆ ನಡುವೆ ಬಂದದ್ದು ಎಂದು ಹೇಳುವುದನ್ನು ಯಾರೂ ಓದುವುದಿಲ್ಲ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ, ಅದರಲ್ಲಿ ತಪ್ಪಾದರೆ ಬದಲಿ ಇಲ್ಲ. ಹೆಂಗಸರಲ್ಲಿ ಇದು ಬಹಳ ಅಪರೂಪ, ಬಂದವರಲ್ಲಿ ಹಲವರಿಗೆ ಒಂದು ಎಕ್ಸ್ ಕಳೆದುಹೋಗಿರುತ್ತದೆ.

ಟೆಸ್ಟ್ ಇಲ್ಲದೆ ಅಂದಾಜು ಮಾಡಬಹುದೇ ಎಂದಿರಿ. ಸಾಕಷ್ಟು ಮಾಡಬಹುದು, ಅದೂ ನಿಮ್ಮ ಮನೆಯಲ್ಲೇ ಇರುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಕಾಗದಗಳಿಂದ. ಎಂಸಿವಿ ಎಂಬ ಸಾಲು ಹುಡುಕಿ. ಅದು ಕೆಂಪು ರಕ್ತಕಣದ ಗಾತ್ರ, ಸಾಮಾನ್ಯವಾಗಿ 80ರಿಂದ 100. ಕಿವಿಯ ಮೃದ್ವಸ್ಥಿ ಊತ ಇರುವವರಲ್ಲಿ ವೆಕ್ಸಾಸ್ ಯಾರಿಗಿದೆ ಎಂದು ಬೇರ್ಪಡಿಸಲು 2021ರಲ್ಲಿ ಅದೇ ಎನ್‌ಐಎಚ್ ಕಡೆಯವರು ಒಂದು ಸರಳ ಸೂತ್ರ ಕೊಟ್ಟರು: ಗಂಡಸಾಗಿರಬೇಕು, ಎಂಸಿವಿ 100 ದಾಟಿರಬೇಕು, ಪ್ಲೇಟ್ಲೆಟ್ 2 ಲಕ್ಷಕ್ಕಿಂತ ಕಡಿಮೆ ಇರಬೇಕು. ಅವರ ಗುಂಪಿನಲ್ಲಿ ಈ ಮೂರೂ ಸೇರಿ ವೆಕ್ಸಾಸ್ ಇದ್ದವರಲ್ಲಿ ಒಬ್ಬರನ್ನೂ ಬಿಡಲಿಲ್ಲ, ಇಲ್ಲದವರಲ್ಲಿ 96 ಪ್ರತಿಶತ ಮಂದಿಯನ್ನು ಸರಿಯಾಗಿ ಹೊರಗಿಟ್ಟಿತು. ಸಣ್ಣ ಗುಂಪು, ಸೂತ್ರ ಹುಟ್ಟಿದ್ದೂ ಅದೇ ಗುಂಪಿನಲ್ಲಿ, ಆದ್ದರಿಂದ ವೇದವಾಕ್ಯ ಅಲ್ಲ. ಆದರೆ ಕೆಲವು ನೂರು ರೂಪಾಯಿಯ ಟೆಸ್ಟಿನಿಂದ ಇಷ್ಟು ಸಿಗುವುದು ಅಪರೂಪ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1,63,096 ಜನರ ಜೀನ್ ಮಾಹಿತಿ ತೆಗೆದು ನೋಡಿದ ಇನ್ನೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಈ ತಪ್ಪು ಇದ್ದವರು 11 ಮಂದಿ. 50 ದಾಟಿದ ಗಂಡಸರಲ್ಲಿ ಲೆಕ್ಕ ಹಾಕಿದರೆ ಸುಮಾರು 4,269ಕ್ಕೆ ಒಬ್ಬರು. ಆ 11 ಮಂದಿಗೂ ರಕ್ತಹೀನತೆ ಇತ್ತು, 10 ಮಂದಿಗೆ ರಕ್ತಕಣ ದೊಡ್ಡದಾಗಿತ್ತು. ಅಂದರೆ ಕಿವಿ ಊದದಿದ್ದರೂ ಎಂಸಿವಿ ಬಾಯಿಬಿಡುತ್ತದೆ.

ನಿಮ್ಮ ತಂದೆಯ ವಿಷಯದಲ್ಲಿ ಒಂದು ತೊಡಕಿದೆ. ಮೆಥೊಟ್ರೆಕ್ಸೇಟ್ ತಾನಾಗಿಯೇ ಎಂಸಿವಿ ಏರಿಸುತ್ತದೆ. ಬಿ12 ಕೊರತೆಯೂ ಏರಿಸುತ್ತದೆ, ಅದು ನಮ್ಮ ಸಸ್ಯಾಹಾರಿ ಹಿರಿಯರಲ್ಲಿ ಸಾಮಾನ್ಯ. ಕಬ್ಬಿಣದ ಕೊರತೆ ಜೊತೆಗಿದ್ದರೆ ಉಲ್ಟಾ, ಏರಬೇಕಾದ ಎಂಸಿವಿ ಇಳಿದು 92 ಎಂದು ಮುಗ್ಧವಾಗಿ ಕೂತಿರುತ್ತದೆ. ಹಾಗಾಗಿ ಇವತ್ತಿನ ಒಂದು ಸಂಖ್ಯೆಗಿಂತ ಮಾತ್ರೆ ಶುರುವಾಗುವ ಮೊದಲಿನ ಸಂಖ್ಯೆ ಮುಖ್ಯ. ಜೊತೆಗೆ ಕಿವಿ ನೋಡಿ. ಊತ ಮೃದ್ವಸ್ಥಿಯದಾದರೆ ಮೇಲಿನ ಗಟ್ಟಿ ಭಾಗ ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ, ಓಲೆ ಚುಚ್ಚುವ ಮೆತ್ತನೆಯ ಹಾಲೆ ಹಾಗೇ ಇರುತ್ತದೆ, ಅಲ್ಲಿ ಮೃದ್ವಸ್ಥಿ ಇಲ್ಲವಲ್ಲ. ಮುಂದಿನ ಸಲ ಊದಿದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಡಾಕ್ಟರ ಅಪಾಯಿಂಟ್‌ಮೆಂಟ್ ದಿನ ಅದು ಇಳಿದೇ ಇರುತ್ತದೆ. ಮೀನಖಂಡ ಊದಿ ನೋವಾದರೆ ಮಾತ್ರ ಫೋಟೋ ತೆಗೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಈ ಕಾಯಿಲೆಯಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಸಾಮಾನ್ಯ.

ಇಷ್ಟೆಲ್ಲ ಕೂಡಿ ಬಂದರೆ ಜೀನ್ ಟೆಸ್ಟ್ ಮಾಡಿಸಿ, ಅಂದಾಜಿನ ಮೇಲೆ ನಿಲ್ಲಬೇಡಿ. ಆದರೆ ‘ಜೀನ್ ಟೆಸ್ಟ್’ ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ದುಡ್ಡು ಹೋಗುತ್ತದೆ. ಜ್ವರದ ಕಾಯಿಲೆಗಳ ಪ್ಯಾನೆಲ್ ಎಂದು ಕೊಡುವುದು ಹೆಚ್ಚಾಗಿ ಹುಟ್ಟಿನಿಂದ ಬರುವ ಜೀನುಗಳದ್ದು. ರಕ್ತದ ಕ್ಯಾನ್ಸರಿಗೆಂದು ಮಾಡುವ ಮೈಲಾಯ್ಡ್ ಪ್ಯಾನೆಲ್‌ಗಳಲ್ಲಿ ಎಲ್ಲದರಲ್ಲೂ ಯುಬಿಎ1 ಇರುವುದಿಲ್ಲ. ಪ್ರೋಟೀನ್ ತಯಾರಿಸುವ ಜೀನ್ ಭಾಗಗಳನ್ನೆಲ್ಲ ಓದುವ ಪೂರ್ತಿ ಎಕ್ಸೋಮ್ ಟೆಸ್ಟ್ ಮಾಡಿಸಿದರೂ, ಲ್ಯಾಬಿನವರು ಹುಟ್ಟಿನ ದೋಷವನ್ನಷ್ಟೇ ಹುಡುಕುತ್ತಿದ್ದರೆ, ಸ್ವಲ್ಪ ಕೋಶಗಳಲ್ಲಿ ಮಾತ್ರ ಇರುವ ತಪ್ಪು ಸೋಸುವಾಗ ಬಿದ್ದುಹೋಗಬಹುದು. ಜೀನ್ ಓದುವ ಹಳೇ ಸ್ಯಾಂಗರ್ ವಿಧಾನದಲ್ಲಿ, ತಪ್ಪಿನ ಪಾಲು 15-20 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಅದು ಕಾಣುವುದೇ ಕಷ್ಟ. ಡಾಕ್ಟರಿಂದ ಚೀಟಿಯಲ್ಲಿ ‘ಯುಬಿಎ1, ಎಕ್ಸಾನ್ 3 ಮತ್ತು ಅದರ ಅಂಚು, ಸೊಮ್ಯಾಟಿಕ್’ ಎಂದು ಬರೆಸಿಕೊಳ್ಳಿ. ಈ ಒಂದು ಜಾಗವನ್ನಷ್ಟೇ ನೋಡುವ ಟೆಸ್ಟಿಗೆ ಎಕ್ಸೋಮಿನಷ್ಟು ಖರ್ಚಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೋಳಿನ ರಕ್ತ ಸಾಕು, ಇದಕ್ಕೋಸ್ಕರ ಮತ್ತೆ ಮಜ್ಜೆ ಚುಚ್ಚಿಸಿಕೊಳ್ಳಬೇಕಿಲ್ಲ. ಈಗಾಗಲೇ ಮಜ್ಜೆ ತೆಗೆದಿದ್ದರೆ, ಆ ಸ್ಲೈಡನ್ನು ವ್ಯಾಕ್ಯುಯೋಲ್‌ಗಾಗಿ ಇನ್ನೊಮ್ಮೆ ನೋಡಿ ಎಂದು ಕೇಳಿ. ಕೇಳಿದರೆ ನನ್ನಂಥವರಿಗೆ ಬೇಸರವಾಗುವುದಿಲ್ಲ.

ರಿಪೋರ್ಟ್ ಬಂದಾಗ ಪಾಸಿಟಿವ್ ಎಂಬುದನ್ನಷ್ಟೇ ಓದಬೇಡಿ. 41ನೇ ಜಾಗದಲ್ಲಿ ಇರಬೇಕಾದ ಮೆಥಿಯೊನಿನ್ ಎಂಬ ಅಮೈನೊ ಆಮ್ಲ (ಪ್ರೋಟೀನಿನ ಒಂದು ಇಟ್ಟಿಗೆ) ಯಾವ ಬೇರೆ ಅಮೈನೊ ಆಮ್ಲವಾಗಿ ಬದಲಾಗಿದೆ ಎಂಬುದೂ ಇರುತ್ತದೆ. ವೇಲಿನ್ ಆಗಿದ್ದರೆ ಕಾಯಿಲೆ ಹೆಚ್ಚು ಜೋರು, ಲೂಸಿನ್ ಆಗಿದ್ದರೆ ತುಸು ವಾಸಿ ಎಂದು ದೊಡ್ಡ ಗುಂಪುಗಳಲ್ಲಿ ಕಂಡಿದೆ. ಚಿಕಿತ್ಸೆಗೆ ಅಜಾಸಿಟಿಡಿನ್, ರುಕ್ಸೊಲಿಟಿನಿಬ್, ಟೊಸಿಲಿಜುಮ್ಯಾಬ್ ಎಂಬ ಔಷಧಿಗಳು, ಕೊನೆಗೆ ಮಜ್ಜೆ ಕಸಿ, ಇವುಗಳಲ್ಲಿ ಯಾವುದು ಎಂದು ಹೆಮಟಾಲಜಿಸ್ಟ್ (ರಕ್ತರೋಗ ತಜ್ಞರು) ಮತ್ತು ರುಮಟಾಲಜಿಸ್ಟ್ ಒಟ್ಟಿಗೆ ಕೂತು ಮಾತಾಡಬೇಕಾಗುತ್ತದೆ. ಅವರಿಬ್ಬರನ್ನು ಒಟ್ಟಿಗೆ ಕೂರಿಸುವುದೇ ನಮ್ಮಲ್ಲಿ ದೊಡ್ಡ ಕೆಲಸ, ಅದು ಬೇರೆ ಕತೆ.

ಸದ್ಯಕ್ಕೆ ಬೀರುವಿನಲ್ಲಿರುವ ಹಳೇ ಹೆಲ್ತ್ ಚೆಕಪ್ ಫೈಲ್ ತೆಗೆಯಿರಿ. ಜ್ವರ ಶುರುವಾಗುವ ಮೊದಲಿನಿಂದ ಇಲ್ಲಿಯವರೆಗಿನ ಎಂಸಿವಿ, ಪ್ಲೇಟ್ಲೆಟ್ ಎರಡನ್ನೂ ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು, ಮೆಥೊಟ್ರೆಕ್ಸೇಟ್ ಶುರುವಾದ ತಿಂಗಳಿಗೆ ಒಂದು ಗೆರೆ ಎಳೆಯಿರಿ. ಆ ಹಾಳೆಯನ್ನು ಡಾಕ್ಟರಿಗೆ ಕೊಡಿ. ಹೆಸರು, ಆಸ್ಪತ್ರೆ ಮುಚ್ಚಿ ಅದರ ಫೋಟೋ ಇಲ್ಲಿ ಕಮೆಂಟಿನಲ್ಲಿ ಹಾಕಿದರೆ ನಾನೂ ನೋಡುತ್ತೇನೆ.