ಹೋದ ತಿಂಗಳು 20, ಈಗ 60: ಟೊಮೆಟೊ ಬೆಲೆಯನ್ನು ಯಾರು ನಿರ್ಧರಿಸುತ್ತಾರೆ?

ನೀವು ಕೇಳಿರುವುದು ಇಷ್ಟು: ಹೊಸದಾಗಿ ಸಂಸಾರ ಹೂಡಿದ್ದೀರಿ. ಹೋದ ತಿಂಗಳು ಕೆಜಿಗೆ 20 ರೂಪಾಯಿಯಂತೆ ಟೊಮೆಟೊ ಕೊಟ್ಟ ತಳ್ಳುಗಾಡಿಯವರೇ ಈಗ 60 ಎನ್ನುತ್ತಿದ್ದಾರೆ. ಕೇಳಿದರೆ "ಮಾಲು ಬರುತ್ತಿಲ್ಲ" ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಬೇಡಿಕೆ, ಪೂರೈಕೆ ಎಂದು ಶಾಲೆಯಲ್ಲಿ ಓದಿದ್ದು ನೆನಪಿದೆ, ಆದರೆ ಅದಕ್ಕೂ ನಿಮ್ಮ ಕೈಚೀಲಕ್ಕೂ ಏನು ಸಂಬಂಧ, ಬೆಲೆಯನ್ನು ನಿಜವಾಗಿ ಯಾರು ಹೇಳುತ್ತಾರೆ, ನೀವು ಮೋಸ ಹೋಗುತ್ತಿದ್ದೀರಾ ಎಂಬುದು ನಿಮ್ಮ ಪ್ರಶ್ನೆ.

ನಾನು ಹುಟ್ಟಿ ಬೆಳೆದದ್ದು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ಈಗಲೂ ಟೊಮೆಟೊ ಬೆಳೆಯುತ್ತಾರೆ. ನಾನು ಬೆಂಗಳೂರಿನಲ್ಲಿದ್ದುಕೊಂಡು ನಿಮ್ಮಂತೆಯೇ ತಳ್ಳುಗಾಡಿಯ ಮುಂದೆ ನಿಂತು ಕೊಳ್ಳುತ್ತೇನೆ. ಎರಡೂ ಕಡೆಯ ನೋವು ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಕೋಲಾರದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ನಡೆಯುವುದನ್ನು ಒಮ್ಮೆ ನೋಡಬೇಕು. 15 ಕೆಜಿ ತುಂಬುವ ಪ್ಲಾಸ್ಟಿಕ್ ಬಾಕ್ಸುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ರೈತರ ಮಾಲನ್ನು ಮಾರಿಕೊಡುವ ಮಂಡಿಯವರು ಬಾಕ್ಸಿನ ಲೆಕ್ಕದಲ್ಲಿ ಕೂಗುತ್ತಾರೆ, ಹೊರ ರಾಜ್ಯಗಳಿಗೆ ಲಾರಿ ತುಂಬಿಸುವ ವ್ಯಾಪಾರಿಗಳು ಹಣ್ಣಿನ ಬಣ್ಣ, ಗಟ್ಟಿತನ ನೋಡುತ್ತಾ ಸಾಲಿನ ಉದ್ದಕ್ಕೂ ನಡೆಯುತ್ತಾರೆ. ಮೂರು ತಿಂಗಳ ದುಡಿಮೆಯ ಬೆಲೆ ಒಂದೆರಡು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಹುಡುಗನಾಗಿದ್ದಾಗ ಅಪ್ಪನ ಪಕ್ಕದಲ್ಲಿ ನಿಂತು ಅದನ್ನು ನೋಡುವಾಗ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತಿತ್ತು. ಅಲ್ಲಿ ಯಾರೊಬ್ಬರೂ ಅಪ್ಪನನ್ನು "ನಿಮಗೆ ಖರ್ಚು ಎಷ್ಟು ಬಿತ್ತು?" ಎಂದು ಕೇಳುತ್ತಿರಲಿಲ್ಲ. ಸಸಿ, ಗೊಬ್ಬರ, ಔಷಧಿ, ಗಿಡಕ್ಕೆ ಆಸರೆಯ ಕಡ್ಡಿ, ದಾರ, ಬಿಡಿಸುವವರ ಕೂಲಿ, ವ್ಯಾನಿನ ಬಾಡಿಗೆ, ಯಾವುದೂ ಆ ಕೂಗಿನಲ್ಲಿ ಬರುವುದಿಲ್ಲ. ಅಂದು ಎಷ್ಟು ಬಾಕ್ಸ್ ಬಂದಿವೆ, ಎಷ್ಟು ಲಾರಿಗಳು ತುಂಬಲು ಕಾಯುತ್ತಿವೆ, ಇವೆರಡೇ ಅಲ್ಲಿ ಮಾತಾಡುವುದು. ಒಮ್ಮೆ ಬಾಕ್ಸಿಗೆ ಕೂಗಿದ ದರದಲ್ಲಿ ಬಿಡಿಸಿದ ಕೂಲಿ ಮತ್ತು ಬಾಡಿಗೆಯೂ ಹುಟ್ಟಲಿಲ್ಲ. ಮರುದಿನ ಅಪ್ಪ ಹೊಲಕ್ಕೆ ದನ ಬಿಟ್ಟರು. ಕೆಂಪಗೆ ಹಣ್ಣು ತುಂಬಿದ ಗಿಡಗಳನ್ನು ದನ ತುಳಿಯುವುದನ್ನು ಅಮ್ಮ ನೋಡಲಾರದೆ ಒಳಗೆ ಹೋದರು.

ಹಾಗಾದರೆ ಖರ್ಚಿಗೂ ಬೆಲೆಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ತಡವಾಗಿ ಬರುತ್ತದೆ. ದನ ಬಿಟ್ಟ ಹೊಲದಲ್ಲಿ ಅಪ್ಪ ಮತ್ತೆ ಟೊಮೆಟೊ ಹಾಕಲಿಲ್ಲ, ರಾಗಿ ಬಿತ್ತಿದರು. ಊರಿನಲ್ಲಿ ಇನ್ನೂ ಹಲವರು ಹಾಗೆಯೇ ಮಾಡಿದರು. ಕೆಲವು ತಿಂಗಳ ಬಳಿಕ ಮಂಡಿಗೆ ಬರುವ ಬಾಕ್ಸುಗಳು ಕಡಿಮೆಯಾದವು, ದರ ಏರಿತು. ದರ ಏರಿದ್ದನ್ನು ಕಂಡು ಎಲ್ಲರೂ ಒಟ್ಟಿಗೆ ಸಸಿ ನಾಟಿ ಮಾಡಿದರು, ಎಲ್ಲರ ಹಣ್ಣೂ ಒಟ್ಟಿಗೆ ಬಂತು, ದರ ಮತ್ತೆ ಬಿತ್ತು. ನೀವು ಇಂದು ಕೊಡುತ್ತಿರುವ 60 ರೂಪಾಯಿಯ ಬೇರು ಇಂದಿನದಲ್ಲ. ಮೂರು ತಿಂಗಳ ಹಿಂದೆ ನೂರಾರು ರೈತರು ಅಂದಿನ ದರ ನೋಡಿ, ಬೇಸತ್ತು, "ಈ ಸಲ ಬೇಡ" ಎಂದು ತೀರ್ಮಾನಿಸಿದ್ದು ಈಗ ನಿಮ್ಮ ಬೀದಿಗೆ ಬಂದು ತಲುಪಿರುತ್ತದೆ.

2023ರ ಜುಲೈ ನಿಮಗೂ ನೆನಪಿರಬಹುದು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ದರ ಪಾತಾಳ ಕಂಡಿದ್ದರಿಂದ ಹಲವರು ಟೊಮೆಟೊ ಕೈಬಿಟ್ಟಿದ್ದರು. ಬಿಸಿಲು ಜೋರಾಗಿತ್ತು. ಅದರ ಮೇಲೆ ಬಿಳಿ ನೊಣ ಹರಡುವ ಎಲೆ ಮುದುಡು ರೋಗ ಕೋಲಾರದ ಕಡೆ ಬಹಳಷ್ಟು ತೋಟಗಳನ್ನು ಹಾಳು ಮಾಡಿತು. 15 ಕೆಜಿಯ ಬಾಕ್ಸ್ ಕೋಲಾರದಲ್ಲಿ 2,000 ರೂಪಾಯಿ ದಾಟಿತು. ರೈತರು ರಾತ್ರಿ ತೋಟ ಕಾಯುವ ಸ್ಥಿತಿ ಬಂತು. ನಮ್ಮ ಮನೆಯಲ್ಲಿ ಅರ್ಧಕ್ಕೂ ಹೆಚ್ಚು ಗಿಡ ರೋಗಕ್ಕೆ ಹೋಗಿತ್ತು, ಉಳಿದದ್ದಕ್ಕೆ ಒಳ್ಳೆಯ ಬೆಲೆ ಸಿಕ್ಕಿತು. ಎಲ್ಲ ರೈತರೂ ಕೋಟಿ ಸಂಪಾದಿಸಿದರು ಎಂಬಂತೆ ಆಗ ಸುದ್ದಿಯಾಯಿತು. ಬಾಕ್ಸಿಗೆ 2,000 ರೂಪಾಯಿ ಸಿಗುವುದಕ್ಕೆ ಕಾರಣವೇ ಹೆಚ್ಚಿನವರ ಹತ್ತಿರ ಬಾಕ್ಸ್ ಇಲ್ಲದಿರುವುದು ಎಂದು ಯಾರಾದರೂ ಹೇಳಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಆ ತಿಂಗಳು ಕೇಂದ್ರ ಸರ್ಕಾರ ಆಂಧ್ರ, ಕರ್ನಾಟಕ, ಮಹಾರಾಷ್ಟ್ರದ ಮಂಡಿಗಳಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಯಂತೆ ಮಾರಿಸಿತು, ಆಮೇಲೆ ಇನ್ನೂ ಇಳಿಸಿತು. ದೆಹಲಿಯವರಿಗೆ ಅದರಿಂದ ಉಪಕಾರವಾಯಿತು, ನಿಜ. ಆದರೆ ದೇಶದಲ್ಲಿದ್ದ ಒಟ್ಟು ಹಣ್ಣು ಅದರಿಂದ ಒಂದು ಬಾಕ್ಸ್ ಕೂಡ ಹೆಚ್ಚಾಗಲಿಲ್ಲ. ಇಲ್ಲಿಯದು ಅಲ್ಲಿಗೆ ಹೋಯಿತು, ಅಷ್ಟೇ. ಆಗಸ್ಟ್‌ನಲ್ಲಿ ನೇಪಾಳದಿಂದ ತರಿಸಿದ ಟೊಮೆಟೊ ಮಾತ್ರ ನಿಜವಾಗಿ ಹೊಸ ಪೂರೈಕೆ. ಆದರೂ ದರವನ್ನು ಕೊನೆಗೆ ಇಳಿಸಿದ್ದು ಜುಲೈ ದರ ನೋಡಿ ನಾಟಿಯಾದ ಗಿಡಗಳು ಮತ್ತು ಚೇತರಿಸಿಕೊಂಡ ತೋಟಗಳು. ಸೆಪ್ಟೆಂಬರ್‌ನಲ್ಲಿ ಮಂಡಿಯಲ್ಲಿ ಕೆಜಿಗೆ 10 ರೂಪಾಯಿಯೂ ಸಿಗದ ದಿನಗಳು ಬಂದವು.

ಇದು ಪೂರೈಕೆ ಬದಲಾದ ಕಥೆ. ಬೇಡಿಕೆ ಬದಲಾಗುವುದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗಿ ಬನ್ನಿ. ಕನಕಾಂಬರ, ಮಲ್ಲಿಗೆ, ಸೇವಂತಿಗೆ ಎಲ್ಲವೂ ಹಿಂದಿನ ವಾರದ ಕೆಲವು ಪಟ್ಟು ಬೆಲೆಗೆ ಏರಿರುತ್ತವೆ. ಗಿಡಗಳಿಗೆ ರೋಗ ಬಂದಿಲ್ಲ, ಮಳೆ ಕೆಡಿಸಿಲ್ಲ, ಹೂ ಕಡಿಮೆ ಬಂದಿಲ್ಲ. ಬದಲಿಗೆ ರೈತರು ಆ ದಿನಕ್ಕೆಂದೇ ಲೆಕ್ಕ ಹಾಕಿ ಹೆಚ್ಚು ಹೂ ತಂದಿರುತ್ತಾರೆ. ಆದರೆ ಲಕ್ಷಾಂತರ ಮನೆಗಳಿಗೆ ಒಂದೇ ಬೆಳಿಗ್ಗೆ ಹೂ ಬೇಕು. ಅದಕ್ಕೂ ಸ್ವಲ್ಪ ಮುಂಚೆ, ಆಷಾಢದಲ್ಲಿ, ಮದುವೆ ಗೃಹಪ್ರವೇಶಗಳಿಲ್ಲದೆ ಅದೇ ಹೂವನ್ನು ಕೇಳುವವರು ಕಡಿಮೆ. ಬೆಳೆದ ಕೈಗಳು ಅವೇ, ತೋಟ ಅದೇ, ಬದಲಾದದ್ದು ಪಂಚಾಂಗದ ಪುಟ.

ಆದ್ದರಿಂದ ಯಾವುದಾದರೂ ದುಬಾರಿಯಾದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಬರುವ ಮಾಲು ಕಡಿಮೆಯಾಯಿತೇ, ಕೊಳ್ಳುವವರು ಹೆಚ್ಚಾದರೇ? ಉತ್ತರ ಸಿಕ್ಕರೆ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ. ಹಬ್ಬದ ಹೂವಾದರೆ ಎರಡು ದಿನ ತಡೆದರೆ ಬೆಲೆ ತಾನಾಗಿ ಇಳಿಯುತ್ತದೆ. ಮಾಲು ಕಡಿಮೆಯಾಗಿದ್ದರೆ, ಆ ಬೆಳೆ ಕೈಗೆ ಬರಲು ಎಷ್ಟು ಕಾಲ ಬೇಕು ಎಂದು ನೋಡಬೇಕು. ಕೊತ್ತಂಬರಿ ಸೊಪ್ಪು ಸುಮಾರು 40 ದಿನದಲ್ಲಿ ಬರುತ್ತದೆ, ಹಾಗಾಗಿ ಮಳೆಯಲ್ಲಿ ಕಟ್ಟಿಗೆ ಎಷ್ಟೇ ಏರಿದರೂ ಬೇಗ ಇಳಿಯುತ್ತದೆ. ಟೊಮೆಟೊಗೆ ಸಸಿ ಬೆಳೆಸುವುದರಿಂದ ಮೊದಲ ಹಣ್ಣಿನ ತನಕ ಮೂರು ತಿಂಗಳು. ತೆಂಗು ಹಾಗಲ್ಲ. 2025ರಲ್ಲಿ ತೆಂಗಿನಕಾಯಿ ದುಬಾರಿಯಾದಾಗ "ಮುಂದಿನ ತಿಂಗಳು ಇಳಿಯುತ್ತದೆ" ಎಂದು ಅಮ್ಮ ಕಾದರು, ಇಳಿಯಲಿಲ್ಲ. ಬೆಲೆ ಬಂತೆಂದು ಇಂದು ನೆಟ್ಟ ಸಸಿ ಫಲ ಕೊಡುವುದು ಆರೇಳು ವರ್ಷಗಳ ಬಳಿಕ. ಜೊತೆಗೆ ಬೇಸಿಗೆಯಲ್ಲಿ ಎಳನೀರಾಗಿ ಕಿತ್ತ ಕಾಯಿ ಮತ್ತೆ ಚಟ್ನಿಗೆ ಬರುವುದಿಲ್ಲ. ಎಳನೀರಿಗೆ ಕೇಳುವವರು ಹೆಚ್ಚಾದಷ್ಟೂ ಬಲಿತ ಕಾಯಿ ಕಡಿಮೆಯಾಗುತ್ತದೆ.

ಬೆಲೆ ಏರಿದಾಗ ನಾವು ಎಷ್ಟರಮಟ್ಟಿಗೆ ಹಿಂದೆ ಸರಿಯುತ್ತೇವೆ ಎಂಬುದೂ ಎಲ್ಲ ವಸ್ತುಗಳಿಗೆ ಒಂದೇ ಅಲ್ಲ. ಉಪ್ಪಿನ ಬೆಲೆ ಎರಡು ಪಟ್ಟಾದರೂ ಸಾರಿಗೆ ಹಾಕುವ ಉಪ್ಪು ಅಷ್ಟೇ. ಟೊಮೆಟೊ ಏರಿದಾಗ ನಮ್ಮ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಸ್ವಲ್ಪ ಹೆಚ್ಚು ಬೀಳುತ್ತಿತ್ತು, ಟೊಮೆಟೊ ಗೊಜ್ಜು ನಿಲ್ಲುತ್ತಿತ್ತು. ಹೋಟೆಲಿನವರಿಗೆ ಆ ಅನುಕೂಲ ಕಡಿಮೆ, ಅವರು ರುಚಿ ಬದಲಿಸಿದರೆ ಗಿರಾಕಿ ಹೋಗುತ್ತಾರೆ, ಆದ್ದರಿಂದ 2,000 ರೂಪಾಯಿಗೂ ಬಾಕ್ಸ್ ಎತ್ತುತ್ತಾರೆ. ಬದಲಿ ಇರುವವನಿಗೆ ಬೆಲೆಯ ಪೆಟ್ಟು ಕಡಿಮೆ, ಇಲ್ಲದವನಿಗೆ ಪೂರ್ತಿ. ಬಡವರ ಮನೆಯಲ್ಲಿ ಅಕ್ಕಿ, ಬೇಳೆ, ಎಣ್ಣೆ ಏರಿದರೆ ಅದು ಇಷ್ಟು ನೋಯಿಸುವುದಕ್ಕೆ ಕಾರಣವೂ ಇದೇ. ಅವುಗಳ ಜಾಗಕ್ಕೆ ತರಲು ಅವರ ಹತ್ತಿರ ಬೇರೇನೂ ಇರುವುದಿಲ್ಲ.

ಈಗ ನಿಮ್ಮ ತಳ್ಳುಗಾಡಿಯವರ ವಿಷಯ. ಅವರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಬೆಳಗಿನ ಜಾವ ಸಗಟು ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸನ್ನು 300 ರೂಪಾಯಿಗೆ ಕೊಂಡರು ಎಂದುಕೊಳ್ಳಿ. ಆಟೊದಲ್ಲಿ ಪಾಲು 30 ರೂಪಾಯಿ, ಒಟ್ಟು 330. ಒಡೆದದ್ದು, ಕೊಳೆತದ್ದು, ಸಂಜೆಗೆ ಮೆತ್ತಗಾದದ್ದು ಎರಡು ಕೆಜಿ ಹೋದರೆ ಮಾರಲು ಉಳಿಯುವುದು 13 ಕೆಜಿ. ಕೆಜಿಗೆ 30ರಂತೆ ಮಾರಿದರೆ 390 ಬರುತ್ತದೆ. ಬಿಸಿಲಿನಲ್ಲಿ ಗಾಡಿ ತಳ್ಳಿದ್ದಕ್ಕೆ ಒಂದು ಬಾಕ್ಸಿನಿಂದ ಸಿಕ್ಕಿದ್ದು 60 ರೂಪಾಯಿ. ಸಗಟು ದರ 20, ನಿಮಗೆ 30, "ಅರ್ಧಕ್ಕರ್ಧ ಲಾಭ" ಎಂದು ದೂರದಿಂದ ಕಾಣುವುದರ ಒಳಗೆ ಇಷ್ಟೇ ಇರುವುದು. ನಿಮ್ಮ ಬೀದಿಯಲ್ಲಿ ಇನ್ನೆರಡು ಗಾಡಿಗಳು ಬರುತ್ತಿದ್ದರೆ ಅವರಿಗೆ ಮನಸ್ಸಿಗೆ ಬಂದಷ್ಟು ಹೇಳುವ ಶಕ್ತಿಯೂ ಇರುವುದಿಲ್ಲ. ಒಂದೇ ಅಂಗಡಿ ಇರುವ ಬಡಾವಣೆಯಲ್ಲಿ ಮಾತ್ರ ಮಂಡಿಯ ದರ ಇಳಿದ ಮೇಲೂ ಹಳೆಯ ಬೆಲೆ ಹಲವು ದಿನ ಉಳಿಯುವುದನ್ನು ನಾನೇ ಕಂಡಿದ್ದೇನೆ. ಅಂಥ ಕಡೆ ಪಕ್ಕದ ಬಡಾವಣೆಗೆ ನಡೆದು ಹೋಗಿ ವಿಚಾರಿಸುವುದು ಒಳ್ಳೆಯದು.

ದಾಸ್ತಾನು ಮಾಡಿ ಬೆಲೆ ಏರಿಸುವವರು ಇಲ್ಲವೇ ಎಂದೂ ನಿಮಗೆ ಅನ್ನಿಸಬಹುದು. ಇದ್ದಾರೆ, ಆದರೆ ಇಟ್ಟರೆ ಉಳಿಯುವ ವಸ್ತುವಿನಲ್ಲಿ. ಈರುಳ್ಳಿ, ಬೇಳೆಯಲ್ಲಿ ಅದು ಸಾಧ್ಯ. ಟೊಮೆಟೊವನ್ನು ವಾರಗಟ್ಟಲೆ ಬಚ್ಚಿಟ್ಟರೆ ಉಳಿಯುವುದು ಕೊಳೆತ ರಸ. ಈರುಳ್ಳಿಯ ಮಾತು ಬಂದಿದ್ದರಿಂದ ನಮ್ಮ ಕಡೆಯ ಒಂದು ಸಂಗತಿಯನ್ನು ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದ ಸುತ್ತ 'ಬೆಂಗಳೂರು ಗುಲಾಬಿ ಈರುಳ್ಳಿ' ಬೆಳೆಯುತ್ತಾರೆ. ಗಾತ್ರದಲ್ಲಿ ಚಿಕ್ಕದು, ಘಾಟು ಹೆಚ್ಚು. ನಮ್ಮ ಮನೆಗಳಲ್ಲಿ ಅದರ ಬಳಕೆ ಬಹಳ ಕಡಿಮೆ, ಅದು ಹೋಗುವುದು ಮಲೇಷ್ಯಾ, ಸಿಂಗಪುರದ ಕಡೆಗೆ. 2023ರ ಆಗಸ್ಟ್‌ನಲ್ಲಿ ದೇಶದೊಳಗೆ ಈರುಳ್ಳಿ ಬೆಲೆ ಏರದಿರಲಿ ಎಂದು ಸರ್ಕಾರ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು. ಸಾಮಾನ್ಯ ಈರುಳ್ಳಿಯ ವಿಷಯದಲ್ಲಿ ಆ ಲೆಕ್ಕ ಅರ್ಥವಾಗುತ್ತದೆ: ಹೊರಗೆ ಹೋಗುವುದು ತಡೆದರೆ ಒಳಗೆ ಮಾಲು ಹೆಚ್ಚುತ್ತದೆ, ನಗರದ ಗ್ರಾಹಕನಿಗೆ ಅಗ್ಗವಾಗುತ್ತದೆ. ಆದರೆ ಒಳಗೆ ಕೇಳುವವರೇ ಇಲ್ಲದ ಈರುಳ್ಳಿಯನ್ನು ತಡೆದರೆ ಯಾರಿಗೆ ಅಗ್ಗವಾಗಬೇಕು? ಬೆಳೆದವರು ಕಂಗಾಲಾದರು. ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ಸುಂಕದಿಂದ ವಿನಾಯಿತಿ ಸಿಕ್ಕಿತು. ಬೆಲೆ ಇಳಿಸುವ ಆದೇಶಗಳ ಬಗ್ಗೆ ನಾವು ಪಟ್ಟಣದವರು ಖುಷಿಪಡುವಾಗ ಆ ಇಳಿಕೆಯನ್ನು ಯಾರು ತುಂಬಿಕೊಡುತ್ತಿದ್ದಾರೆ ಎಂದು ಒಂದು ಕ್ಷಣ ಯೋಚಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ದೂರದ ಮಳೆಯೂ ನಮ್ಮ ಅಡುಗೆಮನೆಗೆ ತಲುಪುತ್ತದೆ. ಕಾಫಿ ನಮ್ಮ ಕೊಡಗು, ಚಿಕ್ಕಮಗಳೂರಿನಲ್ಲೇ ಬೆಳೆಯುತ್ತದೆ. ಆದರೂ ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಿದ್ದಾಗ ಇಲ್ಲಿ ಕಾಫಿಪುಡಿ ದುಬಾರಿಯಾಯಿತು. ನಮ್ಮ ಬೆಳೆಗಾರರಿಗೆ ಹೊರದೇಶದವರು ಹೆಚ್ಚು ಕೊಡಲು ಸಿದ್ಧರಿರುವಾಗ ನಾವೂ ಅಷ್ಟನ್ನು ಕೊಟ್ಟರೆ ಮಾತ್ರ ಬೀಜ ಇಲ್ಲಿ ಉಳಿಯುತ್ತದೆ.

ಕೊಳ್ಳುವಾಗ ನಾನು ಏನು ಮಾಡುತ್ತೇನೆ ಎಂದರೆ: ಬೆಳಿಗ್ಗೆ ತಾಜಾ ಮಾಲು ಬೇಕಾದಾಗ ಚೌಕಾಸಿ ಮಾಡುವುದಿಲ್ಲ, ಏಕೆಂದರೆ ಆಗ ಅವರಿಗೆ ಇಡೀ ದಿನ ಮುಂದಿರುತ್ತದೆ. ಸಾರಿಗೆ, ಗೊಜ್ಜಿಗೆ ಮೆತ್ತಗಿನ ಹಣ್ಣು ಸಾಕಾದರೆ ರಾತ್ರಿ ಎಂಟರ ಮೇಲೆ ಹೋಗುತ್ತೇನೆ. ನಾಳೆಗೆ ಉಳಿಯದ ಹಣ್ಣನ್ನು ಅವರೇ ಇಳಿಸಿ ಕೊಡುತ್ತಾರೆ, ಇಬ್ಬರಿಗೂ ಅನುಕೂಲ. ದರ ಬಿದ್ದ ವಾರಗಳಲ್ಲಿ ಮೂರು ನಾಲ್ಕು ಕೆಜಿ ಕೊಂಡು ತೊಕ್ಕು ಮಾಡಿ ಇಡುತ್ತೇವೆ. ಆಗ ಹತ್ತು ರೂಪಾಯಿಯ ಟೊಮೆಟೊಗೆ ಚೌಕಾಸಿ ಮಾಡಲು ನನ್ನಿಂದ ಆಗುವುದಿಲ್ಲ, ದನ ಬಿಟ್ಟ ಹೊಲ ಕಣ್ಣಮುಂದೆ ಬರುತ್ತದೆ.

ನಿಮ್ಮ ಪ್ರಶ್ನೆ ಓದಿದ ಮೇಲೆ ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ಸುತ್ತಲಿನ ನರ್ಸರಿಗಳಲ್ಲಿ ಟೊಮೆಟೊ ಸಸಿ ಸಿಗುತ್ತಿಲ್ಲ, ಎಲ್ಲರೂ ಮುಂಗಡ ಕೊಟ್ಟು ಹೋಗಿದ್ದಾರೆ ಎಂದರು. ರೋಗ ಬರದಿದ್ದರೆ ನಿಮ್ಮ 60 ರೂಪಾಯಿ ಎರಡೂವರೆ ತಿಂಗಳಲ್ಲಿ ಇಳಿಯಬೇಕು. ಅಪ್ಪ ಮಾತ್ರ ಈ ಸಲ ಅರ್ಧ ಎಕರೆಗಷ್ಟೇ ಟೊಮೆಟೊ ಹಾಕಿ, ಉಳಿದದ್ದಕ್ಕೆ ಬೀನ್ಸ್ ಬಿತ್ತಿದ್ದಾರೆ.