ಎದುರು ಮಾತಾಡುವವರು ಎಲ್ಲಿ?

‘ಸೊಲೊಮೋನನಿಗೆ ದೇವರೇ ಐಶ್ವರ್ಯ ಕೊಟ್ಟಿರುವಾಗ, ಧರ್ಮದ ಮುಂದಾಳುಗಳು ಸಿರಿವಂತರಾದರೆ ನಿಮಗೇಕೆ ಹೊಟ್ಟೆಯುರಿ?’ ಎಂದು ಓದುಗರೊಬ್ಬರು ಬೈಬಲಿನ ಆ ಅರಸನನ್ನು ಮುಂದಿಟ್ಟು ಬರೆದಿದ್ದಾರೆ. ಮುಂದಾಳುಗಳ ಸಿರಿಯನ್ನು ಪ್ರಶ್ನಿಸಿದ ಕಳೆದ ಸಂಚಿಕೆಯ ಸಂಪಾದಕೀಯ ಅವರಿಗೆ ಕಹಿಯಾಗಿದೆ.

ಕೋಪದಲ್ಲಿ ಬರೆದರೂ ನಿಮ್ಮ ಅಕ್ಷರ ದುಂಡಗಿದೆ. ಇಂಥವರೊಡನೆ ಜಗಳವಾಡುವುದೂ ಒಂದು ಸುಖ.

ಹಣವೇ ಪಾಪವಲ್ಲ, ಒಪ್ಪಿದೆ. ಅಬ್ರಹಾಮನೂ ಯೋಬನೂ ಉಳ್ಳವರೇ. ಸೊಲೊಮೋನ ಬೇಡಿದ್ದು ವಿವೇಕ; ಐಶ್ವರ್ಯ ಬೇಡದೆಯೇ ದೊರೆಯಿತು. ಆದರೆ ನೀವು ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟಿರಲ್ಲ! ಅರಸನಾದವನು ಕುದುರೆ, ಹೆಂಡಿರು, ಬೆಳ್ಳಿಬಂಗಾರಗಳನ್ನು ಗುಡ್ಡೆ ಹಾಕಬಾರದು, ಕುದುರೆಗಾಗಿ ಐಗುಪ್ತದ (ಈಜಿಪ್ಟಿನ) ದಾರಿ ಹಿಡಿಯಬಾರದು ಎಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ಸೊಲೊಮೋನ ಐಗುಪ್ತದಿಂದಲೇ ಕುದುರೆ ತರಿಸಿದ. ಒಂದು ವರ್ಷಕ್ಕೆ 666 ತಲಾಂತು (ಆ ಕಾಲದ ದೊಡ್ಡ ತೂಕ) ಬಂಗಾರ ಬಂತು. ಪತ್ನಿಯರು 700, ಉಪಪತ್ನಿಯರು 300. ದೇವಾಲಯಕ್ಕೆ 7 ವರ್ಷ ಹಿಡಿಯಿತು, ತನ್ನ ಅರಮನೆಗೆ 13.

ನನ್ನನ್ನು ಕಾಡುವುದು ಈ ಲೆಕ್ಕವಲ್ಲ. ಅವನ ತಂದೆ ದಾವೀದ ಪರರ ಹೆಂಡತಿಯನ್ನು ಕಸಿದು ಗಂಡನನ್ನು ಕೊಲ್ಲಿಸಿದಾಗ, ಪ್ರವಾದಿ ನಾತಾನ ಎದುರು ನಿಂತು ‘ಆ ಮನುಷ್ಯ ನೀನೇ’ ಎಂದ. ದಾವೀದ ತಲೆ ಬಾಗಿಸಿದ. ಸಿರಿ ತುಂಬಿದ ಮೇಲೆ ಸೊಲೊಮೋನನ ಆಸ್ಥಾನದಲ್ಲಿ ಅಂಥವನೊಬ್ಬನನ್ನು ತೋರಿಸಿ, ನೋಡೋಣ. ಹೊಗಳಲು ಶೆಬದ ರಾಣಿ ಬರುತ್ತಾಳೆ. ಪ್ರವಾದಿ ಅಹೀಯನೂ ಇದ್ದಾನೆ. ಆದರೆ ಅವನು ರಾಜ್ಯ ಒಡೆಯುವುದರ ಗುರುತಾಗಿ ಹೊಸ ಹೊದಿಕೆಯನ್ನು 12 ತುಂಡು ಮಾಡುವುದು ಊರಾಚೆಯ ಬಯಲಲ್ಲಿ, ಸೊಲೊಮೋನನ ಸೇವಕ ಯಾರೊಬ್ಬಾಮನ ಮುಂದೆ. ಸೊಲೊಮೋನ ಆ ಯಾರೊಬ್ಬಾಮನನ್ನು ಕೊಲ್ಲಿಸಲು ನೋಡಿದ. ವಿವೇಕ ಬೇಡಿದ್ದವನೇ ಇವನು!

ಚಿಕ್ಕ ವಯಸ್ಸಿನಲ್ಲಿ ನಾನೊಬ್ಬ ಪ್ರಸಂಗಿಯ (ಧರ್ಮಬೋಧಕರ) ಕೈಕೆಳಗೆ ಕೆಲಸಕ್ಕಿದ್ದೆ. ಅಲ್ಲಿನ ಹಿರಿಯ ಗುಮಾಸ್ತರು ಅವರ ಬರಹದ ಅಂಚಿನಲ್ಲಿ ಪೆನ್ಸಿಲಿನಿಂದ ‘ಇಲ್ಲಿ ದೇವರಿಗಿಂತ ನೀವೇ ಹೆಚ್ಚಾಗಿದ್ದೀರಿ’ ಎಂದು ಗೀಚುತ್ತಿದ್ದರು. ಪ್ರಸಂಗಿ ನಕ್ಕು ತಿದ್ದಿಕೊಳ್ಳುತ್ತಿದ್ದರು. ಬಳಿಕ ಹಣ ಹರಿದು ಬಂತು, ಹೊಸ ಕಟ್ಟಡ ಎದ್ದಿತು. ಅದರಲ್ಲಿ ಗುಮಾಸ್ತರಿಗೆ ಮೇಜು ಇರಲಿಲ್ಲ. ಪ್ರಸಂಗಿ ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ಯಾರನ್ನೋ ಹೊರಗೆ ಕಳುಹಿಸಿದ್ದು ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಈಗ ನಮ್ಮ ಕಚೇರಿಗೆ ಬರುವ ಲೇಖನಗಳದೂ ಅದೇ ಪಾಡು: ಹೆಸರಿನ ಹಿಂದೆ ಮೂರು ಬಿರುದು, ಜೊತೆಗೆ ‘ತಿದ್ದಕೂಡದು’ ಎಂಬ ಅಪ್ಪಣೆ. ಮೊನ್ನೆ ಒಬ್ಬರು ವಿನಯದ ಕುರಿತು ಬರೆದು, ತಮ್ಮ ಭಾವಚಿತ್ರ ಮುಖಪುಟದಲ್ಲೇ ಬರಬೇಕೆಂದರು. ಚಿತ್ರ ಒಳಪುಟಕ್ಕೆ ಎಂದೆ. ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡರು.

ಅಂದ ಹಾಗೆ, ನಿಮ್ಮ ಪತ್ರವನ್ನೂ ಎರಡು ಕಡೆ ತಿದ್ದಿದ್ದೇನೆ, ಕಾಗುಣಿತ ಮಾತ್ರ. ‘ಹೊಟ್ಟೆಯುರಿ’ಯನ್ನು ಮುಟ್ಟಿಲ್ಲ.