ಅದು ಕೊನೆಯ ಸಲ ತಿಂದಿದ್ದು ಯಾವಾಗ?

ಹಾವು, ಹಲ್ಲಿ, ಆಮೆ ಸಾಕುವವರ ಮೇಳಗಳ ಬಗ್ಗೆ ಈ ತಿಂಗಳು ಮೂರು ಪತ್ರ ಬಂದಿವೆ. ಒಬ್ಬರು ಕೊಳ್ಳುವವರು, ಒಬ್ಬರು ಮಾರುವವರು, ಇನ್ನೊಬ್ಬರು ಬದಲಾಯಿಸಿಕೊಳ್ಳುವವರು. ಇಂಥ ಮೇಳಗಳಲ್ಲಿ ನಾನು ಟೇಬಲ್ಲಿನ ಎರಡೂ ಕಡೆ ನಿಂತಿದ್ದೇನೆ. ಮೂರಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಮೊದಲ ಸಲ ಮೇಳಕ್ಕೆ ಹೋಗುತ್ತಿದ್ದೇನೆ. ಒಂದು ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಮರಿ ತರುವ ಆಸೆ. ಡಬ್ಬಿಯೊಳಗೆ ಸುತ್ತಿಕೊಂಡು ಮಲಗಿದ್ದರೆ ಎಲ್ಲ ಮರಿಗಳೂ ನನಗೆ ಒಂದೇ ಥರ ಕಾಣುತ್ತವೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲ ಸುತ್ತಿನಲ್ಲಿ ಪರ್ಸ್ ತೆಗೆಯಲೇಬೇಡಿ. ಇಡೀ ಹಾಲ್ ಒಂದು ಸಲ ಸುತ್ತಿ ಬನ್ನಿ. ಬಾಲ್ ಪೈಥಾನ್ ಇಟ್ಟಿರುವ ಪ್ರತಿ ಟೇಬಲ್ಲಿನಲ್ಲೂ ಅದೇ ಮೂರು ಪ್ರಶ್ನೆ ಕೇಳಿ. ಇದು ಎಲ್ಲಿ ಮೊಟ್ಟೆಯೊಡೆದು ಬಂತು? ಏನು ತಿನ್ನುತ್ತೆ, ಜೀವಂತ ಇಲಿಯಾ, ಫ್ರೀಜರ್‌ನಲ್ಲಿಟ್ಟು ಬೆಚ್ಚಗೆ ಮಾಡಿದ್ದಾ? ಕೊನೆಯ ಸಲ ತಿಂದಿದ್ದು ಯಾವಾಗ?

ಸರಿಯಾಗಿ ಸಾಕುವವರು ಯೋಚನೆ ಮಾಡುವುದೇ ಇಲ್ಲ. ಡಬ್ಬಿಯ ಮೇಲಿನ ಚೀಟಿ ತೋರಿಸುತ್ತಾರೆ, ಇಲ್ಲವೇ ನೋಟ್‌ಬುಕ್ ತೆಗೆದು ತಾರೀಕು ಓದಿ ಹೇಳುತ್ತಾರೆ. "ಅಯ್ಯೋ, ಎಲ್ಲಾ ತಿನ್ನುತ್ತೆ, ಏನೂ ತೊಂದರೆ ಇಲ್ಲ" ಅಂದರೆ ನಮಸ್ಕಾರ ಹೇಳಿ ಮುಂದಕ್ಕೆ ಹೋಗಿ.

ಊಟದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಾಲ್ ಪೈಥಾನ್ ಊಟ ಬಿಡುವುದರಲ್ಲಿ ಎತ್ತಿದ ಕೈ. ಬೆಳೆದ ಹಾವು ಆರೋಗ್ಯವಾಗಿದ್ದೇ ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂತುಬಿಡಬಹುದು. ಅದನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಮರಿಗೆ ಇಲ್ಲ. ಒಂದು ಸಲವೂ ತಿನ್ನದ ಮರಿ ನಿಮ್ಮ ಮನೆಗೆ ಬಂದರೆ, ಹೊಸ ಜಾಗದ ಗಾಬರಿಯಲ್ಲಿ ಅದು ತಿನ್ನಲು ಶುರು ಮಾಡುವುದು ಇನ್ನೂ ಕಷ್ಟ. ಕನಿಷ್ಠ ನಾಲ್ಕೈದು ಸಲ ತಾನಾಗಿಯೇ ತಿಂದ ಮರಿಯನ್ನೇ ತನ್ನಿ.

ಎಲ್ಲಿ ಹುಟ್ಟಿತು ಅನ್ನುವುದೂ ಅಷ್ಟೇ ಮುಖ್ಯ. ಇವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವುಗಳು. ಟೋಗೊ, ಬೆನಿನ್, ಘಾನಾ ದೇಶಗಳಿಂದ ವರ್ಷಗಳಿಂದ ಹೊರಗೆ ಹೋಗುತ್ತಿವೆ. ಅಲ್ಲಿ ಗರ್ಭ ಕಟ್ಟಿದ ಹೆಣ್ಣು ಹಾವುಗಳನ್ನು ಕಾಡಿನಿಂದ, ಹೊಲಗಳಿಂದ ಹಿಡಿದು ತರುತ್ತಾರೆ. ಮೊಟ್ಟೆ ಇಡಿಸಿ ಮರಿ ಮಾಡಿ ಕಳಿಸುತ್ತಾರೆ. ಚೀಟಿಯ ಮೇಲೆ "ಫಾರ್ಮ್‌ನಲ್ಲಿ ಹುಟ್ಟಿದ್ದು" ಅಂತ ಇರುತ್ತದೆ. ಓದಿದವರು ತಲೆಮಾರುಗಳಿಂದ ಸಾಕಿ ಬೆಳೆಸಿದ್ದು ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ, ಅಲ್ವಾ? ಇದರ ಅಪ್ಪ ಅಮ್ಮನ ಫೋಟೋ ಇದೆಯಾ ಅಂತ ಕೇಳಿ. ಮನೆಯಲ್ಲೇ ಮರಿ ಮಾಡಿದವರು ಫೋನ್ ತೆಗೆದು ಬೇಡ ಅಂದರೂ ಇಪ್ಪತ್ತು ಫೋಟೋ ತೋರಿಸುತ್ತಾರೆ.

ಇಷ್ಟಾದ ಮೇಲೆ ಮರಿಯನ್ನು ಕೈಗೆ ಕೊಡಲು ಹೇಳಿ. ಬೆನ್ನುಮೂಳೆ ಏಣಿನ ಹಾಗೆ ಎದ್ದು ಕಾಣಬಾರದು. ಮೂಗು, ಬಾಯಿಯ ಹತ್ತಿರ ನೊರೆಗುಳ್ಳೆ ಇರಬಾರದು, ಬಾಯಿ ತೆರೆದು ಉಸಿರಾಡಬಾರದು. ಬಾಲದ ಬುಡದ ತೂತು ಸ್ವಚ್ಛವಾಗಿರಬೇಕು. ಕಣ್ಣು ಮಸುಕಾಗಿದ್ದರೆ ಹೆದರಬೇಡಿ, ಅದು ಪೊರೆ ಬಿಡುವ ಹೊತ್ತು. ಚೆನ್ನಾಗಿರುವ ಮರಿ ಬೆರಳಿಗೆ ಗಟ್ಟಿಯಾಗಿ ಸುತ್ತಿಕೊಳ್ಳುತ್ತದೆ. ಆ ಹಿಡಿತ ಒಂದು ಸಲ ಕೈಗೆ ಗೊತ್ತಾದರೆ ಸಾಕು. ಆಮೇಲೆ ಸೋತ ಮರಿಯನ್ನು ಮುಟ್ಟಿದ ಕೂಡಲೇ ತಿಳಿಯುತ್ತದೆ.

ಬಣ್ಣ ನೋಡಿ ಮರುಳಾಗುವ ಮುಂಚೆ ಒಂದು ವಿಷಯ ಗೊತ್ತಿರಲಿ. "ಸ್ಪೈಡರ್" ಅನ್ನುವ ಮಾರ್ಫ್, ಅಂದರೆ ಬೇರೆ ಬಣ್ಣ-ವಿನ್ಯಾಸದ ಬಗೆ, ತುಂಬಾ ಚೆಂದ. ಆದರೆ ಆ ಬಣ್ಣ ತರುವ ಜೀನ್ ಜೊತೆಗೇ ಸಮತೋಲದ ತೊಂದರೆಯೂ ಬರುತ್ತದೆ. ತಲೆ ಅಲ್ಲಾಡುತ್ತದೆ, ತಿರುಚಿಕೊಳ್ಳುತ್ತದೆ, ಇಲಿಯ ಕಡೆ ಹಾರಿದರೆ ಗುರಿ ತಪ್ಪುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಜಾಸ್ತಿ. ನಾನು ಅವನ್ನು ಸಾಕುವುದಿಲ್ಲ, ಯಾರಿಗೂ ಕೊಳ್ಳಿ ಅನ್ನುವುದೂ ಇಲ್ಲ.

ಇನ್ನು ಮನೆಗೆ ತಂದ ಮೇಲಿನ ಮಾತು. ಕೆಲವು ವರ್ಷಗಳ ಹಿಂದೆ ಒಂದು ಮೇಳದಿಂದ ಹೆಣ್ಣು ಹಾವೊಂದನ್ನು ತಂದೆ. ಮೈತುಂಬಿಕೊಂಡಿತ್ತು, ಶಾಂತವಾಗಿತ್ತು. ಬೇರೆ ಕೋಣೆಯಲ್ಲಿಡಬೇಕಿತ್ತು. ಸುಮ್ನೆ ಒಂದು ರಾತ್ರಿ ಇರಲಿ ಅಂತ ಉಳಿದ ಹಾವುಗಳ ಸಾಲಿನಲ್ಲೇ ಇಟ್ಟೆ. ಆ ಒಂದು ರಾತ್ರಿ ಹತ್ತು ದಿನವಾಯಿತು. ಹನ್ನೊಂದನೇ ದಿನ ನೀರು ಬದಲಾಯಿಸಲು ಬಟ್ಟಲು ಎತ್ತಿದೆ. ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಮಣ್ಣಿರಬೇಕು ಅಂದುಕೊಂಡೆ. ಬೆರಳಿನಿಂದ ಒರೆಸಿದರೆ ಒಂದು ಚುಕ್ಕೆ ಬೆರಳ ಮೇಲೆ ನಡೆಯತೊಡಗಿತು.

ಹಾವಿನ ನುಸಿ ಅದು. ಮೈಮೇಲಿನ ಹುರುಪೆಗಳ ಸಂದಿಯಲ್ಲಿ, ಕಣ್ಣಿನ ಸುತ್ತ, ಗದ್ದದ ಕೆಳಗೆ ಕೂತು ರಕ್ತ ಹೀರುತ್ತದೆ. ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಎರಡು ಮೂರು ವಾರದಲ್ಲೇ ಹೊಸ ತಲೆಮಾರು ಸಿದ್ಧವಾಗುತ್ತದೆ. ಪಕ್ಕದ ಪೆಟ್ಟಿಗೆಗೆ ನಡೆದೇ ಹೋಗುತ್ತದೆ. ನನ್ನ ಎಲ್ಲ ಹಾವುಗಳಿಗೂ ಹತ್ತಿತು. ಪೆಟ್ಟಿಗೆ ತೊಳೆದು, ಮರದ ತುಂಡುಗಳನ್ನೆಲ್ಲ ಎಸೆದು, ವೈದ್ಯರ ಔಷಧಿ ಹಾಕಿ, ಎಲ್ಲ ತೊಲಗುವ ಹೊತ್ತಿಗೆ ಮೂರು ತಿಂಗಳು. ಎರಡು ಮರಿ ಉಳಿಯಲಿಲ್ಲ. ಆ ಎರಡೂ ನನ್ನ ಕೈಯಲ್ಲೇ ಮೊಟ್ಟೆಯಿಂದ ಬಂದವು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಬೇರೆ ಹಾವು, ಹಲ್ಲಿ ಇದ್ದರೆ ಹೊಸದನ್ನು ತೊಂಬತ್ತು ದಿನ ಬೇರೆ ಕೋಣೆಯಲ್ಲಿಡಿ. ಕೆಳಗೆ ಬಿಳಿ ಪೇಪರ್ ಹಾಸಿ. ನುಸಿಯೂ ಕಾಣುತ್ತದೆ, ಹಿಕ್ಕೆ ಹೇಗಿದೆ ಅನ್ನುವುದೂ ಕಾಣುತ್ತದೆ. ಅದರ ಬಟ್ಟಲು, ಚಿಮಟ ಬೇರೆಯೇ ಇರಲಿ. ಹಳೆಯವುಗಳ ಕೆಲಸವೆಲ್ಲ ಮುಗಿಸಿ ಕೊನೆಗೆ ಇದರ ಹತ್ತಿರ ಹೋಗಿ, ಕೈ ತೊಳೆಯಿರಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈ ತೊಳೆಯುವುದು ಇನ್ನೂ ಮುಖ್ಯ. ಆರೋಗ್ಯವಾಗಿರುವ ಹಾವು, ಆಮೆಗಳ ಮೈಮೇಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಇನ್ನೊಂದು ಮಾತು. ಈ ಹಾವು ಮೂವತ್ತು ವರ್ಷ ಬದುಕಬಹುದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟಾಗ ಅದರ ವಯಸ್ಸು ಅರವತ್ತು ದಾಟಿತ್ತು. ಎಷ್ಟೋ ವರ್ಷಗಳಿಂದ ಗಂಡು ಹಾವಿನ ಹತ್ತಿರವೂ ಹೋಗಿರಲಿಲ್ಲ. ಮೂವತ್ತು ವರ್ಷಕ್ಕೆ ನಿಮ್ಮ ಮನೆಯಲ್ಲಿ ಜಾಗ ಇದೆಯಾ ಅಂತ ಮೇಳಕ್ಕೆ ಹೊರಡುವ ಮುಂಚೆಯೇ ಮನೆಯವರ ಜೊತೆ ಕೂತು ಮಾತಾಡಿ. ಪೆಟ್ಟಿಗೆ, ಹೀಟರ್, ಥರ್ಮೋಸ್ಟಾಟ್ ಎಲ್ಲ ಜೋಡಿಸಿ ಒಂದು ವಾರ ಓಡಿಸಿ ನೋಡಿದ ಮೇಲೆ ಮರಿ ತನ್ನಿ.

ಪ್ರಶ್ನೆ: ನನ್ನ ಲೆಪರ್ಡ್ ಗೆಕ್ಕೊ ಹಲ್ಲಿ ಜೋಡಿ ಈ ವರ್ಷ ಹದಿನಾಲ್ಕು ಮರಿ ಕೊಟ್ಟಿದೆ. ಮೊದಲ ಸಲ ಮೇಳದಲ್ಲಿ ಟೇಬಲ್ ಹಾಕುತ್ತಿದ್ದೇನೆ. ಯಾವಾಗ ಮಾರಬಹುದು? ಹೆಣ್ಣು ಅಂತ ಹೇಳಿ ಮಾರಬಹುದಾ?

ಉತ್ತರ: ಹದಿನಾಲ್ಕು ಮರಿ ಉಳಿಸಿದ್ದೀರಿ, ನಿಜವಾಗಲೂ ಖುಷಿಯಾಯಿತು. ಮೊಟ್ಟೆಯಿಂದ ಬಂದಾಗ ಮೂರು ಗ್ರಾಂ ತೂಗುವ ಜೀವ ಅದು. ನಾನು ಹತ್ತು ಹನ್ನೆರಡು ಗ್ರಾಂ ದಾಟುವವರೆಗೆ ಟೇಬಲ್ಲಿಗೆ ತರುವುದಿಲ್ಲ. ಅಷ್ಟರಲ್ಲಿ ಬಾಲ ತುಂಬಿಕೊಂಡಿರುತ್ತದೆ. ಈ ಹಲ್ಲಿ ಕೊಬ್ಬನ್ನು ಬಾಲದಲ್ಲೇ ಕೂಡಿಡುವುದು. ಬಾಲ ಕಡ್ಡಿಯಾಗಿದ್ದರೆ ಆ ಮರಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹೆಣ್ಣೋ ಗಂಡೋ ಅನ್ನುವುದು ಮೊಟ್ಟೆ ಇಟ್ಟಿದ್ದ ಶಾಖದ ಮೇಲೆ. 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಣ್ಣೇ ಜಾಸ್ತಿ, 32-33ರಲ್ಲಿ ಗಂಡು ಜಾಸ್ತಿ, ಅದಕ್ಕಿಂತ ಮೇಲೆ ಹೋದರೆ ಮತ್ತೆ ಹೆಣ್ಣು. "ಜಾಸ್ತಿ" ಅಂದೆ, "ಎಲ್ಲ" ಅನ್ನಲಿಲ್ಲ. "ಹೆಣ್ಣು ಬರುವ ಶಾಖದಲ್ಲಿ ಇಟ್ಟಿದ್ದೆ, ಖಚಿತ ಅಲ್ಲ" ಅಂತಲೇ ಚೀಟಿಯಲ್ಲಿ ಬರೆಯಿರಿ. ಕೊಂಡವರು ಎರಡು ಹೆಣ್ಣು ಅಂದುಕೊಂಡು ಒಂದೇ ಪೆಟ್ಟಿಗೆಯಲ್ಲಿಟ್ಟು, ಎರಡೂ ಗಂಡಾಗಿದ್ದರೆ ಒಂದನ್ನೊಂದು ಕಚ್ಚಿ ಹರಿದುಹಾಕುತ್ತವೆ.

ಡಬ್ಬಿ ಒಂದಕ್ಕೆ ಮರಿ ಒಂದು. ಹುಟ್ಟಿದ ತಾರೀಕು, ತೂಕ, ತಿನ್ನುವ ಹುಳು, ಕೊನೆಯ ಊಟ ಎಲ್ಲ ಚೀಟಿಯಲ್ಲಿರಲಿ. ಎಲ್ಲರ ಕೈಗೂ ಮರಿ ಕೊಡಬೇಡಿ. ಪಕ್ಕದ ಟೇಬಲ್ಲಿನಲ್ಲಿ ಏನು ಮುಟ್ಟಿ ಬಂದಿದ್ದಾರೋ ಯಾರಿಗೆ ಗೊತ್ತು? ಸ್ಯಾನಿಟೈಸರ್ ಇಡಿ, ಆದರೆ ಅದನ್ನೇ ನಂಬಬೇಡಿ. ಗೆಕ್ಕೊಗಳನ್ನು ಸೊರಗಿಸಿ ಸಾಯಿಸುವ ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರೋಪಜೀವಿ ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ. ನೋಡುವವರಿಗೆ ಡಬ್ಬಿ ಎತ್ತಿ ತೋರಿಸಿದರೆ ಸಾಕು. ಕೊಳ್ಳುವುದು ಖಚಿತವಾದ ಮೇಲೆ ಸೋಪಿನಲ್ಲಿ ಕೈ ತೊಳೆದು ಬರಲು ಹೇಳಿ, ಆಗ ಕೈಗೆ ಕೊಡಿ. ಅದಕ್ಕೆ ಬೇಸರ ಮಾಡಿಕೊಳ್ಳುವವರಿಗೆ ನಾನು ಮರಿ ಕೊಟ್ಟಿಲ್ಲ.

ಸಂಜೆ ಎಲ್ಲರೂ ಟೇಬಲ್ ಎತ್ತುವ ಹೊತ್ತಿಗೆ "ಉಳಿದದ್ದನ್ನೆಲ್ಲ ಒಟ್ಟಿಗೆ ಕೊಡ್ತೀರಾ" ಅಂತ ಒಬ್ಬರು ಬಂದೇ ಬರುತ್ತಾರೆ. ವಾಪಸ್ ಹೊತ್ತುಕೊಂಡು ಹೋಗುವ ಬೇಸರದಲ್ಲಿ ಹ್ಞೂಂ ಅನ್ನಬೇಡಿ. ಎಲ್ಲಿಡುತ್ತೀರಿ, ಎಷ್ಟು ಪೆಟ್ಟಿಗೆ ಇವೆ ಅಂತ ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ಮರಿಗಳನ್ನು ಮನೆಗೇ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ಎರಡು ಹಾವುಗಳಿಗೆ ಬದಲು ಒಂದು ನಕ್ಷತ್ರ ಆಮೆ ಕೊಡುತ್ತೇನೆ ಅಂತ ಮೇಳದಲ್ಲಿ ಒಬ್ಬರು ಹೇಳಿದ್ದಾರೆ. ದುಡ್ಡಿನ ವ್ಯವಹಾರ ಇಲ್ಲವಾದ್ದರಿಂದ ಕಾಗದಪತ್ರ ಬೇಡವಂತೆ. ಹೌದಾ?

ಉತ್ತರ: ಅಲ್ಲ. ಹೋಗಬೇಡಿ. ಅದಲು ಬದಲೂ ವ್ಯವಹಾರವೇ. 2019ರಲ್ಲಿ ನಕ್ಷತ್ರ ಆಮೆಯನ್ನು ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು. ಕಾಡಿನಿಂದ ಹಿಡಿದ ಆಮೆಯನ್ನು ವ್ಯಾಪಾರಕ್ಕಾಗಿ ದೇಶ ದಾಟಿಸುವುದು ಆ ಪಟ್ಟಿಯ ಪ್ರಕಾರ ಪೂರ್ತಿ ನಿಷೇಧ. ಇದರ ಮೇಲೆ ಪ್ರತಿ ದೇಶಕ್ಕೂ ತನ್ನದೇ ಕಾನೂನಿದೆ, ಕೆಲವು ಕಡೆ ಸುಮ್ಮನೆ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಕಾಗದ ಬೇಡ ಅನ್ನುವವರ ಹತ್ತಿರ ಸಾಮಾನ್ಯವಾಗಿ ಕಾಗದ ಇರುವುದಿಲ್ಲ. ಆ ಆಮೆಯನ್ನು ಯಾವುದೋ ಕುರುಚಲು ಕಾಡಿನಿಂದ ಎತ್ತಿ, ಚೀಲದಲ್ಲಿ ತುಂಬಿ ತಂದಿರುವ ಸಾಧ್ಯತೆಯೇ ಹೆಚ್ಚು.

ಅವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ. ನಿಮ್ಮ ಎರಡು ಹಾವುಗಳ ವಯಸ್ಸು, ಊಟದ ಲೆಕ್ಕ ಬರೆದು ಕಳಿಸಿ. ಸಾಕುವುದು ಕಷ್ಟವಾಗುತ್ತಿದ್ದರೆ ಅದನ್ನೂ ಬರೆಯಿರಿ, ಏನು ಮಾಡಬಹುದು ಅಂತ ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.